ಅವ್ವ ಒಪ್ಪಿಸಿಕೊಟ್ಟ ಚಿಂತೆ

ಆಗೆಲ್ಲ ಮನೆಯೊಳಗೆ ಇಲಿ ಸತ್ತು ಬಿದ್ದರೆ ಊರೇ ಖಾಲಿಯಾಗುತ್ತಿತ್ತು. ನಿಜಾಮರ ಆಳ್ವಿಕೆಯ ಕಾಲ. ಪ್ಲೇಗು ಎಂದು ಬಾಯಿಬಿಟ್ಟು ಹೇಳಲೂ ಹೆದರಿ ಹಿರಿಯರು ‘ಆ ಬ್ಯಾನಿ’ ಎನ್ನುತ್ತಿದ್ದರು. ಕಲಬುರ್ಗಿಯ ಜನ ಮನೆಗೆ ಬೀಗ ಜಡಿದು, ಶರಣಸಿರಸಗಿಯ ಕಡೆ ಹೊಲಗಳಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಖಾಲಿ ಬೀದಿಗಳಲ್ಲಿ ಮೂಗಿಗೆ ಅಡರುತ್ತಿದ್ದ ಸುಣ್ಣದ ವಾಸನೆ ಅವರಿಗೂ ನೆನಪಿರಬೇಕು.

ನಮ್ಮ ಅಪ್ಪ ಮಿಷನ್ ಶಾಲೆಯ ಮಾಸ್ತರ. ಭಾನುವಾರ ಅದೇ ಶಾಲೆಯಲ್ಲಿ ಪ್ರಾರ್ಥನೆಯನ್ನೂ ನಡೆಸುತ್ತಿದ್ದ. ನಮ್ಮ ಕೇರಿಯಲ್ಲಿ ಇಲಿ ಬಿದ್ದ ದಿನವೇ ಅವ್ವನನ್ನೂ ನನ್ನನ್ನೂ ಕಮಲಾಪುರದ ಬಂಡಿ ಹತ್ತಿಸಿದ. ಅದು ಅವ್ವನ ತವರೂರು.

“ನೀವೂ ಬರ್ರಿ” ಎಂದಳು ಅವ್ವ.

“ಗುಡಿಸಲಿಗೆ ನಡೆಯಾಕ ಆಗದವರು ಮನ್ಯಾಗೇ ಬಿದ್ದಾರ, ಮಾರ್ಥಾ. ಅವರಿಗೆ ನೀರ ಕೊಡಾಕ ಯಾರರ ಇರಬೇಕಲ್ಲ.”

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ. ಬಂಡಿಯವ ಮಸ್ತಾನ ಚಾಚಾ ಅದು ಮುಗಿಯುವವರೆಗೂ ಎತ್ತುಗಳನ್ನು ಹೊಡೆಯದೆ ಕಾದ.

ಕಮಲಾಪುರದಲ್ಲಿ ನಾನು ಮೊದಮೊದಲು ಸುಖವಾಗಿಯೇ ಇದ್ದೆ. ಸುಳ್ಳು ಯಾಕೆ ಹೇಳಲಿ! ಆಯಿಯ, ಅಂದರೆ ಅವ್ವನ ತಾಯಿಯ, ಮನೆಯಲ್ಲಿ ಕೆಂಪು ಬಾಳೆಗೊನೆಗಳನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗಿಡುತ್ತಿದ್ದರು. ಬಾಗಿಲು ತೆಗೆದರೆ ಆ ಸಿಹಿ ಘಮ ಅಂಗಳದವರೆಗೂ ಬರುತ್ತಿತ್ತು. ಸೀತನಿಯ ಕಾಲ ಬೇರೆ. ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವಾಗ ಕೈ ಬಾಯಿ ಎಲ್ಲ ಮಸಿ. ಮಧ್ಯಾಹ್ನವೆಲ್ಲ ಗೆಳತಿಯರ ಜೊತೆ ಗಜ್ಜುಗದ ಆಟ.

ದೀಪ ಹಚ್ಚಿದ ಮೇಲೆ ಮಾತ್ರ ಅವ್ವ ನನ್ನನ್ನು ಕೂಡಿಸಿಕೊಂಡು ಪ್ರಾರ್ಥನೆಗೆ ಕೂಡುತ್ತಿದ್ದಳು. ನಮ್ಮ ಮನೆಯಲ್ಲಿ ಅದಕ್ಕೊಂದು ಪದ್ಧತಿ ಇತ್ತು. ಮನಸ್ಸಿನಲ್ಲಿ ಏನು ಚಿಂತೆ ಇದ್ದರೂ ಪ್ರತಿಯೊಬ್ಬರೂ ಅದನ್ನು ಗಟ್ಟಿಯಾಗಿ ದೇವರಿಗೆ ಹೇಳಬೇಕು. ಎಲ್ಲರೂ ಕೂಡಿ ಆಮೆನ್ ಎನ್ನಬೇಕು. ಆಮೇಲೆ ಆ ಚಿಂತೆಯನ್ನು ಮತ್ತೆ ಎತ್ತಬಾರದು. ಇದಕ್ಕೆ ನಾವು ಒಪ್ಪಿಸಿಕೊಡುವುದು ಎನ್ನುತ್ತಿದ್ದೆವು. “ಕೊಟ್ಟದ್ದನ್ನ ತಿರುಗಿ ಇಸ್ಕೊಂಡ್ರ ಅದು ಕೊಟ್ಟಂಗೇನು?” ಎನ್ನುವುದು ಅವ್ವನ ಮಾತು. ಕಮಲಾಪುರಕ್ಕೆ ಬಂದ ದಿನ ಸಂಜೆ ಅಪ್ಪನನ್ನು ಹೀಗೇ ಒಪ್ಪಿಸಿಕೊಟ್ಟೆವು.

ಆಯಿಗೆ ಇದು ತಿಳಿಯುತ್ತಿರಲಿಲ್ಲ. ಆಕೆ ನಮ್ಮ ಮತಕ್ಕೆ ಬಂದವಳಲ್ಲ. ಅವ್ವನನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದಳು.

“ಯಲ್ಲಿ, ಮರಗಮ್ಮಗ ಒಂದು ಹರಕಿ ಹೊರs. ಗಂಡ ಬೆಂಕ್ಯಾಗ ನಿಂತಾನ, ನೀ ನೋಡಿದ್ರ ರೊಟ್ಟಿ ಬಡಕೋತ ಕುಂತಿ. ಏನ್ ಕಲ್ಲೆದಿ ನಿಂದು!”

“ಬ್ಯಾಡ ಯವ್ವಾ. ನಾ ಒಬ್ಬನ ಕೈಯಾಗ ಕೊಟ್ಟೀನಿ. ಮತ್ತ ಇನ್ನೊಬ್ಬರ ಕಡಿ ಹೋಗಾಕ ನನಗ ಬಾಯಿಲ್ಲ.”

ಆಯಿ ಮುಖ ತಿರುಗಿಸಿಕೊಂಡು ಹೋದಳು. ಆದರೂ ತನ್ನ ಪಾಡಿಗೆ ತಾನು ಮರಗಮ್ಮನ ಗುಡಿಗೆ ಎಣ್ಣೆ ಕೊಟ್ಟು ಬರುತ್ತಿದ್ದಳು. ಅಳಿಯನ ಮೇಲೆ ಆಕೆಗೆ ಪ್ರೀತಿ ಕಡಿಮೆ ಇರಲಿಲ್ಲ.

ಮಸ್ತಾನ ಚಾಚಾ ಬಾಳೆಹಣ್ಣು ಹೇರಿಕೊಂಡು ಕಲಬುರ್ಗಿಗೆ ಹೋಗುತ್ತಿದ್ದ. ಊರೊಳಗೆ ಬಿಡುತ್ತಿರಲಿಲ್ಲ. ಊರ ಹೊರಗೆ ಕಾವಲಿಗೆಂದು ಹಾಕಿದ್ದ ನಾಕಾದಲ್ಲೇ ವ್ಯಾಪಾರ. ಬಂಡಿ ಬರುವ ಹೊತ್ತಿಗೆ ಅಪ್ಪ ನಾಕಾದ ಆಚೆ ಬಂದು ನಿಲ್ಲುತ್ತಿದ್ದನಂತೆ. “ಮಾಸ್ತರ ಖೈರಿಯತ್ ಅದಾರ ತಂಗಿ. ದೂರಲಿಂದ ಕೈ ಮಾಡಿದ್ರು” ಎಂದು ಚಾಚಾ ವಾಪಸು ಬಂದು ಹೇಳುವುದೇ ನಮಗೆ ಅಪ್ಪನ ಸುದ್ದಿ.

ಈ ನಡುವೆ ನಾನು ನನ್ನಷ್ಟಕ್ಕೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆ. ಒಪ್ಪಿಸಿಕೊಟ್ಟ ಮೇಲೆ ಎತ್ತಬಾರದಲ್ಲ? ಹಾಗಾದರೆ ಅಪ್ಪನ ಹೆಸರನ್ನೇ ಎತ್ತಬಾರದು ಎಂದುಕೊಂಡೆ. ಎತ್ತಿದರೆ ದೇವರು ‘ಹಾಗಾದರೆ ನೀನೇ ಇಟ್ಟುಕೋ’ ಎಂದು ಅಪ್ಪನನ್ನು ಕೈಬಿಟ್ಟರೆ? ಅಪ್ಪ ಎನ್ನುವ ಮಾತು ನಾಲಗೆಗೆ ಬಂದರೆ ನುಂಗಿಕೊಳ್ಳುತ್ತಿದ್ದೆ. ಗೆಳತಿಯರು ಕೇಳಿದರೆ ಎದ್ದು ಹೋಗುತ್ತಿದ್ದೆ. ಬಂಡಿಯ ಗೆಜ್ಜೆ ಕೇಳಿಸಿದರೆ ಸಾಕು, ಹುಲ್ಲಿನ ಬಣವೆಯ ಹಿಂದೆ ಅಡಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅಷ್ಟು ಚಿಕ್ಕ ಎದೆಯಲ್ಲಿ ಅಷ್ಟು ದೊಡ್ಡ ಹೆದರಿಕೆ ಹೇಗೆ ಹಿಡಿಸಿತ್ತೋ!

ಒಂದು ಸಂಜೆ ಚಾಚಾ ಬಂಡಿಯಿಂದ ಇಳಿದವನೇ ತಲೆ ತಗ್ಗಿಸಿ ನಿಂತ. “ಇವತ್ತ ಮಾಸ್ತರ ನಾಕಾಕ್ಕ ಬರಲಿಲ್ಲ ತಂಗಿ. ನಾಳಿ ಮತ್ತ ಹೋಗಿ ನೋಡ್ತೇನಿ.” ಆ ಸಲ ಕಿವಿ ಮುಚ್ಚಿಕೊಂಡರೂ ನನಗೆ ಕೇಳಿಸಿತು. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ ಹಿಟ್ಟು ನಾದತೊಡಗಿದಳು.

ನಾನು ಉಣ್ಣಲಿಲ್ಲ. ಆಯಿ ನನ್ನ ಗದ್ದ ಹಿಡಿದೆತ್ತಿ ನೋಡಿದಳು. “ಯಲ್ಲಿ, ಈ ಕೂಸು ಬಂದಾಗಲಿಂದ ಒಂದ ಸಲನೂ ಅಪ್ಪನ ಹೆಸರ ತಗದಿಲ್ಲ, ನಿನಗ ಖಬರ ಅದ ಏನು?”

ಅವ್ವ ಹಿಟ್ಟಿನ ಕೈಯಲ್ಲೇ ಬಂದು ನನ್ನ ಮುಂದೆ ಕುಳಿತಳು. “ಯಾಕ ರೂತಿ?”

“ಎತ್ತಬಾರದಲ್ಲ. ಎತ್ತಿದ್ರ ದೇವರು ಅಪ್ಪನ್ನ ಬಿಟ್ಟುಬಿಡ್ತಾನ.”

ಅವ್ವ ಅತ್ತದ್ದನ್ನು ಮೊದಲ ಸಲ ನೋಡಿದ್ದು ಆಗಲೇ. ಅಪ್ಪನ ಸುದ್ದಿಗೆ ಗಟ್ಟಿ ನಿಂತವಳು ನನ್ನ ಮಾತಿಗೆ ಕುಸಿದುಹೋದಳು. ನನ್ನನ್ನು ಎದೆಗೆ ಒತ್ತಿಕೊಂಡು, “ಹಂಗಲ್ಲ ನನ ಬಂಗಾರ, ಹಂಗಲ್ಲ. ಚಿಂತಿ ಬ್ಯಾಡ ಅಂದೆ, ಅಪ್ಪ ಬ್ಯಾಡ ಅಂದಿಲ್ಲ. ಅವರ ಹೆಸರ ಎಷ್ಟು ಬೇಕಾದ್ರೂ ಕರಿ” ಎಂದಳು. ನಾನು ಕರೆದೆ. ಅಪ್ಪಾ, ಅಪ್ಪಾ ಎಂದು ಗಂಟಲು ಕಟ್ಟುವವರೆಗೂ ಕರೆದೆ. ಆಯಿ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಚಾಚಾ ಬೇಗ ಬರಲಿಲ್ಲ. ಬಂದಾಗ ಅಂಗಳದೊಳಗೆ ಕಾಲಿಡದೆ ಬೇವಿನ ಮರದ ಹತ್ತಿರವೇ ನಿಂತ. ಅವ್ವ ಮುಂದೆ ಹೋದಾಗ, “ಅಲ್ಲೇ ನಿಲ್ಲು ತಂಗಿ, ನಾ ಊರೊಳಗ ಹೋಗಿದ್ದೆ” ಎಂದ.

ನಾಕಾದವರು ಬೇಡವೆಂದರೂ ಕೇಳದೆ ಹೋಗಿದ್ದನಂತೆ. ಶಾಲೆಯಲ್ಲಿ ಅಪ್ಪ ಮಲಗಿದ್ದ. ಜ್ವರದಲ್ಲಿ ನಮ್ಮಿಬ್ಬರ ಹೆಸರು ಹೇಳುತ್ತಿದ್ದ. ಕೊನೆಯವರೆಗೂ ಚಾಚಾ ತಲೆದೆಸೆಯಲ್ಲಿ ಕುಳಿತು ಬಾಯಿಗೆ ನೀರು ಬಿಟ್ಟ. ಮಣ್ಣಿಗೂ ಅವನೇ ನಿಂತ.

“ನನಗ ನಿಮ್ಮ ದುವಾ ಬರಂಗಿಲ್ಲ ತಂಗಿ” ಎಂದ, ಅಳುತ್ತಾ. “ನನಗ ಬರೂದ ಓದಿದೆ.”

ಅವ್ವ ಅವನಿಗೆ ಕೈ ಮುಗಿದಳು. “ನೀ ಇದ್ದೆಲ್ಲ ಅಣ್ಣಾ. ಅವರು ಒಬ್ಬರೇ ಇರಲಿಲ್ಲ” ಎಂದಳು. ಅಷ್ಟು ಹೇಳಿ ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು. ಆಯಿ ಓಡಿ ಬಂದು ಮಗಳನ್ನು ಹಿಡಿದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಅವ್ವ ಎದ್ದು ನನ್ನನ್ನು ಪ್ರಾರ್ಥನೆಗೆ ಕರೆದಳು. ನನಗೆ ಸಿಟ್ಟು ಬಂದಿತ್ತು. “ದೇವರು ಕೇಳಲಿಲ್ಲಲ್ಲ! ಮತ್ತ ಯಾಕ ಹೇಳಬೇಕು?” ಎಂದು ಚೀರಿದೆ.

ಅವ್ವ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡಳು. “ಯಾಕ ಹಿಂಗಾತು ಅಂತ ನನಗ ಗೊತ್ತಿಲ್ಲ ರೂತಿ. ಆದ್ರ ನಾ ಕೊಟ್ಟದ್ದನ್ನ ವಾಪಸ್ ಇಸ್ಕೊಳ್ಳಂಗಿಲ್ಲ. ಅವರನ್ನ ಅವನ ಕೈಯಾಗ ಇಟ್ಟಿದ್ದೆ. ಇನ್ನೂ ಅಲ್ಲೇ ಅದಾರ.”

ಬೇನೆ ಇಳಿದ ಮೇಲೆ ನಾವು ಕಲಬುರ್ಗಿಗೆ ಮರಳಿದೆವು. ಅವ್ವ ಕೇರಿಯ ಮನೆಮನೆಗೆ ಹೋಗಿ ಕಾಯಿಲೆಯವರ ಪಕ್ಕ ಕುಳಿತು ಬರುತ್ತಿದ್ದಳು. ಮತ್ತೆಷ್ಟೋ ಕಷ್ಟಗಳು ಬಂದವು. ಒಂದು ಸಲವೂ ಆಕೆ ನಿದ್ದೆಗೆಟ್ಟದ್ದನ್ನು ನಾನು ಕಾಣೆ.

ಈಗ ಆ ಬೇನೆ ಇಲ್ಲ. ಇತರ ಬೇನೆಗಳಿಗೆ ಔಷಧ ಇದೆ, ಮನೆ ಹತ್ತಿರವೇ ಡಾಕ್ಟರು. ಆದರೂ ಮೊಮ್ಮಗಳಿಗೆ ಮೈ ಬೆಚ್ಚಗಾದರೆ ನನಗೆ ಕೈಕಾಲು ಆಡುವುದಿಲ್ಲ. ಪ್ರಾರ್ಥನೆಯಲ್ಲಿ ಒಪ್ಪಿಸಿಕೊಡುತ್ತೇನೆ, ಆಮೆನ್ ಎನ್ನುವ ಮೊದಲೇ ವಾಪಸು ತೆಗೆದುಕೊಂಡಿರುತ್ತೇನೆ. ಅಪ್ಪನನ್ನು ಕಳೆದುಕೊಂಡ ದಿನ ನನಗೆ ಗೊತ್ತು, ಅವತ್ತು ಅತ್ತಿದ್ದೇನೆ. ಅವ್ವ ಕೊಟ್ಟ ನಂಬಿಕೆಯನ್ನು ಎಲ್ಲಿ, ಯಾವಾಗ ಕಳೆದೆನೋ ಗೊತ್ತಾಗಲೇ ಇಲ್ಲ. ಇದನ್ನು ಬರೆಯುವವರೆಗೂ ಅದಕ್ಕಾಗಿ ಅಳುವುದನ್ನೂ ಮರೆತಿದ್ದೆ.