ಅವ್ವನಿಗೆ ಉಳಿದಿದ್ದ ಹೊತ್ತು

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ನೌಬಾದಿನ ರಸ್ತೆಯಂಚಿನಲ್ಲಿ ಅವ್ವ ಮುಂದೆ, ಹತ್ತು ಹೆಜ್ಜೆ ಹಿಂದೆ ಆಕಳಿಸುತ್ತ ನಾನು. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ಎರಡು ಟ್ರೈಲರ್, ಒಂದಕ್ಕೂ ದೀಪವಿಲ್ಲ. ಹಾಡು ಮಾತ್ರ ಕಿವಿ ಹರಿಯುವಷ್ಟು ಜೋರು. ಹೊರಗೆ ಚಾಚಿದ್ದ ಕಬ್ಬಿಗೆ ಅವ್ವನ ಶಾಲು ಸಿಕ್ಕಿಕೊಂಡಿತು. ನಾಲ್ಕು ಹೆಜ್ಜೆ ಅದರ ಜೊತೆಗೇ ಓಡಿದಳು. ಶಾಲು ಹರಿಯಿತು, ಅವ್ವ ಚರಂಡಿಗೆ ಬಿದ್ದಳು. ಹರಿಯದಿದ್ದರೆ? ಆ ಚಕ್ರ ಅವಳ ಪಾದದ ಪಕ್ಕದಲ್ಲಿ ಉರುಳಿದ್ದು ಈಗಲೂ ನನ್ನ ಕಣ್ಣೆದುರಿಗಿದೆ. ಓಡಿಹೋಗಿ ಅವಳನ್ನು ಮೇಲೆತ್ತಿದೆ.

ಔರಾದಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ಅವ್ವ. ಸಕ್ಕರೆ ಕಾಯಿಲೆಗೆ ನಡೆಯಲೇಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ತರಚಿದ ಮೊಣಕೈ ಹಿಡಿದು ಮನೆಗೆ ಬಂದರೆ ಅಪ್ಪ ರೇಗಿದರು.

"ದಿನಾ ಮನ್ಯಾಗ ಓಡ್ಯಾಡ್ತಿ, ಅದು ಸಾಲಂಗಿಲ್ಲೇನು? ಕತ್ತಲದಾಗ ಯಾಕ ಹೋಗ್ತಿ?"

"ನಿಮಗ ಏಳಕ್ಕ ಚಾ, ಎಂಟಕ್ಕ ರೊಟ್ಟಿ ಬೇಕಲ್ರಿ. ಮತ್ಯಾವಾಗ ಹೋಗ್ಲಿ?"

ಆ ಚಹಾ ಕುಡಿದು ಅಪ್ಪ ಬಿಸಿಲಿನಲ್ಲಿ ಗೆಳೆಯರ ಜೊತೆ ವಾಕಿಂಗ್ ಹೋಗುತ್ತಾರೆ. ಎಪ್ಪತ್ತಾದರೂ ಕಾಲು ಗಟ್ಟಿ ಇವೆಯೆಂದು ಹೇಳಿಕೊಳ್ಳುತ್ತಾರೆ. ಆ ಡ್ರೈವರನ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚು ಸಿಟ್ಟು ನಮ್ಮ ಮೇಲೆ. ನಾನೂ ಅದೇ ರೊಟ್ಟಿ ತಿಂದು ಕೆಲಸಕ್ಕೆ ಹೋದವಳೇ. ಯಾರಿಗೂ ಬೇಡವಾದ ಹೊತ್ತೊಂದನ್ನು ಅವಳಿಗೆ ಬಿಟ್ಟಿದ್ದೆವು.

ಸಂಜೆ ಭಾಲ್ಕಿಯಿಂದ ಅಣ್ಣ ಬಂದ.

"ನಡಿಯೋ ಮಷೀನ್ ತರ್ತೇನಿ ಅವ್ವಾ. ಮನ್ಯಾಗೇ ನಡಿ."

"ತಾರಪ್ಪ. ಅದರ ಧೂಳ ಒರಸೋದೂ ನನಗೇ ಬರ್ತದ."

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ರಾತ್ರಿಯಿಡೀ ಟ್ರ್ಯಾಕ್ಟರ್ ಸದ್ದಾದಾಗಲೆಲ್ಲ ಎದ್ದು ಕೂತೆ. ಮರುದಿನವೂ ಹಾಗೇ, ಅದರ ಮರುದಿನವೂ.

ಮೊಣಕೈಯ ಗಾಯ ಒಣಗಿತ್ತು. ಬುಧವಾರ ಐದಕ್ಕೆ ಅವ್ವ ಮತ್ತೆ ಚಪ್ಪಲಿ ಮೆಟ್ಟಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬೆಳಕಾದ ಮ್ಯಾಲ ಹೋಗು. ಒಲಿ ನಾ ನೋಡ್ತೇನಿ."

"ರೊಟ್ಟಿ ಬಡಿಯಾಕ ಬರ್ತದೇನು ನಿನಗ? ಡಿಗ್ರಿದಾಗ ಕಲಿಸ್ಯಾರೇನು?"

"ಬರಂಗಿಲ್ಲ. ಹರದದ್ದೇ ತಿಂತಾರ."

ಏಳಕ್ಕೆ ಅವ್ವ ಹೊರಟಳು. ಕುರ್ಚಿಯಿಂದ ಅಪ್ಪನ ದನಿ ಬಂತು: "ಚಾ ಎಲ್ಲಿ?"

"ಹಾಲು ಫ್ರಿಜ್‌ನ್ಯಾಗ ಅದರಿ. ನೀವೇ ಕಾಸ್ಕೊಳ್ರಿ."

ರೊಟ್ಟಿ ಬಡಿಯುತ್ತಿದ್ದ ನನ್ನ ದನಿ ಒರಟಾಗಿತ್ತು. ಇರಲಿ ಎನಿಸಿತು. ಅಪ್ಪ ಎದ್ದರು, ಹಾಲು ಉಕ್ಕಿಸಿದರು, ಬೈದುಕೊಳ್ಳುತ್ತ ಒರೆಸಿದರು. ಎಂಟೂವರೆಗೆ ಅವ್ವ ಬೆವರಿಕೊಂಡು ಬಂದು, "ನಾಳಿ ಇನ್ನಷ್ಟು ದೂರ ಹೋಗ್ತೇನಿ" ಎಂದಳು.

ಆ ಬುಧವಾರ ರಾತ್ರಿ ನಾನು ಒಮ್ಮೆಯೂ ಏಳಲಿಲ್ಲ.