ಅವ್ವ ಅಂದರೆ ಯಾರು

ಗೆಳತಿಯರೇ, ಇಂದು ಬೆಳಗಿನ ಐದಕ್ಕೆ ಯಾದಗಿರಿ ಸ್ಟೇಷನ್ನಿನ ಗಾಡಿ ಕೂಗಿ ಮನೆಮಂದಿಯನ್ನೆಲ್ಲ ಎಬ್ಬಿಸಿತು. ಎದ್ದ ಮಗಳು ಮೊದಲ ಸಲ ‘ಅವ್ವ’ ಎಂದಳು. ಹತ್ತು ತಿಂಗಳು ನಿದ್ದೆಗೆಟ್ಟು ಕಾದ ಮಾತು ಅದು. ನಾನು ಕೈಚಾಚುವಷ್ಟರಲ್ಲಿ ಅತ್ತೆ ಎತ್ತಿಕೊಂಡುಬಿಟ್ಟರು.

“ನನ್ನನ್ನ ಕರದಾಳ. ಈ ಮನ್ಯಾಗ ಎಲ್ಲಾರೂ ಅವ್ವ ಅನ್ನೋದು ನನಗ. ನಿನಗ ಮೈದುನರೆಲ್ಲಾ ವೈನಿ ಅಂತಾರ, ಕೂಸೂ ಹಂಗೇ ಅಂತದ.”

ಹಾಲು ತಂದಿದ್ದ ಗುರುಮಠಕಲ್ಲಿನ ಬಾಲಮ್ಮ ಸಾಕ್ಷಿ ನುಡಿದಳು: “ಖರೇನ ಅದರಿ. ನಮ್ಮ ತೆಲುಗಿನಾಗ ಅವ್ವ ಅಂದ್ರ ಅಜ್ಜೀನ.”

ನಿಜಾಮರ ಕಚೇರಿಯಲ್ಲಿ ಉರ್ದು ಬರೆಯುವ ನನ್ನ ಗಂಡ ರಾಜಿಗೆ ಬಂದರು: “ನೀ ಅಮ್ಮಾ ಅಂತ ಕಲಸು. ಉರ್ದುದಾಗ ತಾಯಿಗೆ ಹಂಗೇ ಅಂತಾರ.”

“ಬ್ಯಾಡಪಾ,” ಎಂದರು ಅತ್ತೆ. “ಅಮ್ಮ ಅಂದ್ರ ಸಿಡುಬು. ಕರದು ಮನಿಗೆ ತರಬ್ಯಾಡ್ರಿ.”

ಹೈದರಾಬಾದಿನಲ್ಲಿ ಕಾಲೇಜು ಓದಿ ಬಂದ ನನಗೆ ಮೂರು ಭಾಷೆಯಲ್ಲೂ ಜಾಗವಿರಲಿಲ್ಲ. ಅಷ್ಟರಲ್ಲಿ ಮಗಳು ಅತ್ತೆಯ ಮಡಿಲಲ್ಲೇ ಹೇತು, ಮತ್ತೆ ‘ಅವ್ವ’ ಎಂದಳು. ಅತ್ತೆ ಅವಳನ್ನು ಮಾರುದೂರ ಹಿಡಿದು ನನ್ನತ್ತ ಚಾಚಿದರು.

“ತಗೊ. ನಿನ್ನನ್ನ ಕರ್ಯಾಕತ್ತಾಳ.”

ಮಗಳನ್ನು ತೊಳೆದೆ, ಅತ್ತೆಯ ಸೀರೆಯನ್ನೂ ಒಗೆದು ಹಾಕಿದೆ. ಅವ್ವ ಎನಿಸಿಕೊಂಡ ಮೇಲೆ ಒಲ್ಲೆ ಎನ್ನಲಾದೀತೇ?