ಹಳೇತೋಟದ ಮೂಲಪುರುಷ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಸಣ್ಣತಿಮ್ಮಯ್ಯನವರು ಊರಿಗೆ ಬಂದು ನೆಲೆಸಿದ ಮೇಲೆ ಮೊದಲು ಕೈಗೆತ್ತಿಕೊಂಡದ್ದು ಮನೆತನದ ಸತ್ತವರನ್ನೆಲ್ಲ ಸರ್ವೆ ಮಾಡುವ ಕೆಲಸ. ಬದುಕಿದ್ದವರು ಯಾರೂ ಅವರ ಟೇಪಿಗೆ ಸಿಕ್ಕುತ್ತಿರಲಿಲ್ಲ, ಅದೂ ಒಂದು ಕಾರಣ.

ನೊಣವಿನಕೆರೆಯಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ಅವರ ಹಳೇತೋಟ. ತೆಂಗಿನ ಸಾಲುಗಳ ನಡುವೆ, ಪಾಳುಬಿದ್ದ ಕಪಿಲೆ ಬಾವಿಯ ಪಕ್ಕದಲ್ಲಿ ಮನೆತನದ ಗುಡ್ಡೆಗಳು. ಸತ್ತವರನ್ನು ತೋಟದಲ್ಲೇ ಮಣ್ಣು ಮಾಡಿ, ಮೇಲೆ ಗುಡ್ಡೆ ಏರಿಸಿ, ತಲೆಯ ಕಡೆ ಒಂದು ಕಾಡುಗಲ್ಲು ನೆಡುವುದು ವಾಡಿಕೆ. ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಮಲಗಿರುವುದು ಯಾರೆಂದು ಮನೆಯವರಿಗೆ ಗೊತ್ತಿದ್ದರೆ ಸಾಕು, ಊರವರಿಗೆ ಗೊತ್ತಾಗಿ ಆಗಬೇಕಾದ್ದೇನು ಎನ್ನುವುದು ಹಿರಿಯರ ಧೋರಣೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಮನೆಯವರಿಗೂ ಗೊತ್ತಿರಲಿಲ್ಲ.

ಅನುಮಾನವಿಲ್ಲದೆ ಎಲ್ಲರಿಗೂ ಗೊತ್ತಿದ್ದ ಗುಡ್ಡೆ ಒಂದೇ. ಉಳಿದವು ಮನುಷ್ಯರ ಅಳತೆಯವಾದರೆ ಇದೊಂದು ಮಾತ್ರ ಅವುಗಳ ಎರಡರಷ್ಟು. ಸುತ್ತ ಕಲ್ಲುಕಟ್ಟೆ, ಮುಂದೊಂದು ಕಲ್ಲುಬಾನಿ. ತೋಟ ಹಾಕಿದ ಮೂಲಪುರುಷ ಮೂಡಲಗಿರಿಯಜ್ಜನಿಗಲ್ಲದೆ ಇನ್ನಾರಿಗೆ ಇಷ್ಟು ಮರ್ಯಾದೆ ಸಲ್ಲಬೇಕು? ಅದರ ಬಲಮಗ್ಗುಲಲ್ಲಿ ಅಷ್ಟೇ ಅಗಲದ ಜಾಗ ಖಾಲಿ ಬಿದ್ದಿತ್ತು. ಹಿರಿಯರು ಯಾರನ್ನೂ ಅಲ್ಲಿ ಮಲಗಿಸಿರಲಿಲ್ಲ. ವಂಶದಲ್ಲಿ ಮುಂದೆ ಹುಟ್ಟಬಹುದಾದ ಯೋಗ್ಯನೊಬ್ಬನಿಗಾಗಿ ಅದನ್ನು ಕಾದಿರಿಸಿದ್ದಾರೆ ಎನ್ನುವುದು ಸಣ್ಣತಿಮ್ಮಯ್ಯನವರ ವ್ಯಾಖ್ಯಾನ. ಆ ಯೋಗ್ಯ ಯಾರೆಂಬುದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಸೆ ಬರೀ ದೊಡ್ಡಸ್ತಿಕೆಯದೂ ಅಲ್ಲ. ಸರ್ವಿಸ್ಸಿನುದ್ದಕ್ಕೂ ಪಾವಗಡ, ಮಧುಗಿರಿ, ಹುಳಿಯಾರು ಎಂದು ಗಂಟುಮೂಟೆ ಹೊತ್ತು ತಿರುಗಿದವರು. ಬಾಡಿಗೆ ಮನೆಯ ಬಚ್ಚಲೊಲೆ ಹೊಗೆ ಬಿಡುವುದನ್ನು ನಿಲ್ಲಿಸಿತು ಎನ್ನುವಷ್ಟರಲ್ಲಿ ವರ್ಗದ ಆರ್ಡರು ಬರುತ್ತಿತ್ತು. ಯಾವ ಸರ್ಕಾರವೂ ಎಬ್ಬಿಸಲಾಗದ ಒಂದು ಜಾಗ ಅವರಿಗೆ ಬೇಕಿತ್ತು.

ಬೇಕಿದ್ದದ್ದು ಅವರೊಬ್ಬರಿಗೇ ಅಲ್ಲ. ದಾಯಾದಿ ಕೆಂಚಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ, ಇವರ ಜೊತೆಗೇ ಸ್ಲೇಟು ಹಿಡಿದವನು. ಅವನ ಕಣ್ಣೂ ಅಲ್ಲೇ.

"ನಮ್ದು ಹಿರೇ ಕವಲು ಕಣ್ಲಾ. ಆ ಜಾಗ ನಮಗೆ ಸೇರಿದ್ದು" ಎಂದರು ಸಣ್ಣತಿಮ್ಮಯ್ಯ.

"ತಿಪಟೂರಿಂದ ಓಡಾಡ್ಕಂಡು ತೋಟಕ್ಕೆ ಕೆರೆ ಗೋಡು ಹೊಡ್ಸಿದ್ದು ನಾನು. ನೀನು ಪಿಂಚಣಿ ತಗಂಡು ಬಸ್ಸಿಳಿದು ಸೀದಾ ಬಂದು ಮಲಕ್ಕತೀನಿ ಅಂದ್ರೆ ಆಯ್ತದಾ? ಕತ್ತಾಳೆ ಬೇಲಿ ತಾವ ಮಲಕ್ಕ ಹೋಗು. ಗಾಳಿ ಚೆನ್ನಾಗಿ ಬೀಸ್ತದೆ" ಎಂದ ಕೆಂಚಪ್ಪ.

ಬಾಯಿಮಾತಿನಲ್ಲಿ ಸೋತ ರೆವಿನ್ಯೂ ಇಲಾಖೆಯವರು ದಾಖಲೆಗೆ ಕೈಹಾಕುವುದು ಸಹಜ. ಎಲ್ಲ ಗುಡ್ಡೆಗಳನ್ನೂ ಅಳೆದು, ಮಲಗಿದವರನ್ನು ಪತ್ತೆಹಚ್ಚಿ, ಹಿರೇ ಕವಲು ಯಾವುದೆಂದು ಸಾಬೀತು ಮಾಡಲು ಸಣ್ಣತಿಮ್ಮಯ್ಯನವರು ಹೊರಟರು. ಜಮೀನಿಗೆ ಬರೆಯುವಂತೆಯೇ ಚಕ್ಕುಬಂದಿಯನ್ನೂ ಬರೆದರು. "ಚಿಕ್ಕಗೌರಮ್ಮ: ಪೂರ್ವಕ್ಕೆ ತೆಂಗಿನ ಮರ, ಪಶ್ಚಿಮಕ್ಕೆ ಅವರ ಅತ್ತೆ."

ಆದರೆ ಅಳೆಯುತ್ತ ಅಳೆಯುತ್ತ ಅವರಿಗೆ ಬೇರೆಯೇ ಒಂದು ಹುಚ್ಚು ಹತ್ತಿತು. ಈ ಗುಡ್ಡೆಯ ತಲೆಗೆ ಕಾಡುಗಲ್ಲಿನ ಬದಲು ಬೀಸುಕಲ್ಲಿನ ಅರ್ಧ ಹೋಳು ಯಾಕೆ? ಆ ಅಣ್ಣತಮ್ಮಂದಿರಿಬ್ಬರ ನಡುವೆ ಮರ ಬೆಳೆದದ್ದೋ, ಬೇಕೆಂದೇ ನೆಟ್ಟದ್ದೋ? ಉಣ್ಣುವಾಗಲೂ ಅದೇ ಮಾತು.

"ಸತ್ತೋರನ್ನೆಲ್ಲ ಇಷ್ಟೊಂದು ವಿಚಾರ್ಸ್ತೀರಲ್ಲ. ಮಂಡಿ ನೋವು ಹೆಂಗದೆ ಅಂತ ನನ್ನನ್ನ ಒಂದಿನ ಕೇಳಿದ್ದುಂಟಾ?" ಎಂದರು ಹೆಂಡತಿ ಗುರುಸಿದ್ದಮ್ಮ.

"ಹೆಂಗದೆ?"

"ಈಗ ಕೇಳ್ಬ್ಯಾಡಿ. ಉಣ್ಣಿ."

ಅವರನ್ನು ಬಹಳ ಕಾಡಿದ್ದು ಹುರುಳಿಯ ವಿಷಯ. ಹಿರಿಯರ ಹಬ್ಬದ ದಿನ ಎಲ್ಲ ಗುಡ್ಡೆಗಳಿಗೂ ಮುತ್ತುಗದೆಲೆಯಲ್ಲಿ ಅನ್ನ, ಕಡುಬು, ಪಾಯಸದ ಎಡೆ. ದೊಡ್ಡ ಗುಡ್ಡೆಗೆ ಮಾತ್ರ ಆ ಕಲ್ಲುಬಾನಿಯಲ್ಲಿ ನೆನೆಸಿದ ಹುರುಳಿ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ಯಾಕೆಂದರೆ ಗುರುಸಿದ್ದಮ್ಮನ ಅತ್ತೆ ಹಾಗೆ ಮಾಡುತ್ತಿದ್ದರು. ಆ ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟಿದ್ದರು. ಬಹಳ ದಿನ ಚಿಂತಿಸಿ ಸಣ್ಣತಿಮ್ಮಯ್ಯನವರು ಒಂದು ತೀರ್ಮಾನಕ್ಕೆ ಬಂದು, ಅದನ್ನು ನೊಣವಿನಕೆರೆಯ ಹೋಟೆಲಿನಲ್ಲಿ ಬಹಿರಂಗಪಡಿಸಿದರು. ಮೂಲಪುರುಷರು ಕೊನೆಗಾಲದಲ್ಲಿ ಯೋಗಿಗಳಾಗಿದ್ದರು. ಹುರುಳಿ ತಿಂದೇ ಇಂದ್ರಿಯಗಳನ್ನು ಗೆದ್ದವರು. ಬಾನಿಯ ಗಾತ್ರ ನೋಡಿದರೆ ಆಳು ಆಜಾನುಬಾಹು.

ಇದೊಂದು ವಿಷಯದಲ್ಲಿ ಕೆಂಚಪ್ಪನೂ ಅವರ ಪಕ್ಷ. "ಅದ್ಕೇ ನೋಡು, ನಮ್ಮ ವಂಶದೋರ ಮೈಕಟ್ಟೇ ಬ್ಯಾರೆ" ಎಂದು ತನ್ನ ಎದೆ ತಟ್ಟಿಕೊಂಡು ಕೆಮ್ಮಿದ.

ಹೆಸರಿನ ಕಲ್ಲನ್ನು ಕೆತ್ತಲು ಕಲ್ಲುಕುಟಿಗ ಗಂಗಯ್ಯನಿಗೆ ಒಪ್ಪಿಸಿದ್ದಾಯಿತು. ಮೇಲಿನ ಸಾಲು, ಮೂಲಪುರುಷ ಮೂಡಲಗಿರಿಯಪ್ಪನವರು. ಕೆಳಗೆ, ಹಿರಿಯ ಕವಲಿನ ಸಣ್ಣತಿಮ್ಮಯ್ಯ, ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್, ಇವರ ಸೇವೆ. ಕೆಳಗಿನದು ಸ್ವಲ್ಪ ದಪ್ಪಕ್ಷರದಲ್ಲಿರಲಿ ಎಂದು ಸೂಚನೆ.

"ಸ್ವಾಮಿ, ಸತ್ತಿರೋದು ದಪ್ಪಕ್ಷರದೋರಾ?" ಎಂದು ಗಂಗಯ್ಯ ಕೇಳಿದ್ದು ತಿಳಿಯದೆಯೇ ಇರಬೇಕು.

ಹಬ್ಬಕ್ಕೆ ಮೊದಲು ಒಂದು ಬೆಳಿಗ್ಗೆ ಕಲ್ಲು ಗಾಡಿಯಲ್ಲಿ ತೋಟಕ್ಕೆ ಬಂತು. ತಕರಾರು ಹೇಳಲು ಕೆಂಚಪ್ಪನೂ ಬಂದ. ತಕರಾರಿನವರಿಗೂ ಸೇರಿಸಿ ಗುರುಸಿದ್ದಮ್ಮ ರೊಟ್ಟಿ ಬುತ್ತಿ ತಂದರು. ಕಲ್ಲು ನಿಲ್ಲಿಸಲು ಗುಡ್ಡೆಯ ತಲೆಯ ಕಡೆ ಗಂಗಯ್ಯ ಹಾರೆ ಹಾಕಿದ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಠಣ್ ಎಂದಿತು. ಮಣ್ಣಿನೊಳಗಿಂದ ಗೇಣುದ್ದದ, ತುದಿ ಚೂಪಾದ ಹಿತ್ತಾಳೆಯದೊಂದು ವಸ್ತು ಮೇಲೆ ಬಂತು.

"ಕಿರೀಟದ ಕಳಸ ಕಣ್ಲಾ ತಿಮ್ಮಯ್ಯ! ನಮ್ಮಜ್ಜ ಪಾಳೇಗಾರ್ನೇ ಇರ್ಬೇಕು!" ಎಂದು ಕೆಂಚಪ್ಪ ಕೂಗಿದ.

ಗಂಗಯ್ಯ ಅದನ್ನು ಪಂಚೆಗೆ ಉಜ್ಜಿದ. ಒಳಗೆ ಕರ್ರಗೆ ಒಣಗಿದ ಕೊಂಬಿನ ಚೂರು ಕಚ್ಚಿಕೊಂಡಿತ್ತು. ಯಾರೂ ಹೇಳಬೇಕಾಗಿರಲಿಲ್ಲ. ಅದು ಎತ್ತಿನ ಕೊಂಬಿನ ತುದಿಗೆ ತೊಡಿಸುವ ಕೋಡಣಸು. ಪಕ್ಕದಲ್ಲಿ ಕೆದಕಿದರೆ ಇನ್ನೊಂದು ಕೊಂಬಿನದೂ ಸಿಕ್ಕಿತು.

ಗುರುಸಿದ್ದಮ್ಮ ಬಾನಿಯ ಕಡೆ ನೋಡಿ, "ಅಯ್ಯೋ ನನ್ನಪ್ಪ! ಅದ್ಕೇ ಹುರುಳಿ!" ಎಂದು ಸೆರಗು ಬಾಯಿಗಿಟ್ಟುಕೊಂಡರು.

ಕೆಂಚಪ್ಪ ಮರಕ್ಕೊರಗಿ ನಕ್ಕ. ನಗು ಇಳಿಯುತ್ತಿದ್ದಂತೆ ಗಂಗಯ್ಯ ತಲೆ ಕೆರೆದುಕೊಂಡ. "ಅಲ್ಲ ಸ್ವಾಮಿ, ಕಪಿಲೆ ಹೊಡಿಯಕ್ಕೆ ಜೋಡೆತ್ತು ಬೇಕಲ್ವಾ? ಇನ್ನೊಂದೆಲ್ಲಿ?"

ಎಲ್ಲರೂ ಬಲಮಗ್ಗುಲಿನ ಖಾಲಿ ಜಾಗ ನೋಡಿದರು.

"ಬುಡಪ್ಪ, ನನ್ನ ತಕರಾರೇ ಇಲ್ಲ!" ಎಂದ ಕೆಂಚಪ್ಪ, ಕಣ್ಣೊರೆಸಿಕೊಳ್ಳುತ್ತ. "ನೊಗದ ಆ ಕಡೆ ಅದು, ಈ ಕಡೆ ನೀನು. ನಾನು ಬೇಲಿ ತಾವಾನೇ ಮಲಕ್ಕತೀನಿ. ಗಾಳಿ ಚೆನ್ನಾಗಿ ಬೀಸ್ತದೆ."

ಅವನು ನಗುತ್ತಲೇ ಬಸ್ಸಿಗೆ ಹೊರಟುಹೋದ. ಸಣ್ಣತಿಮ್ಮಯ್ಯನವರು ಕಟ್ಟೆಯ ಮೇಲೆ ಕುಳಿತರು. ಹೋಟೆಲಿನವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಆದರೆ ಹತ್ತಿದ ಹುಚ್ಚು ಅವಮಾನಕ್ಕೂ ಬಗ್ಗುವಂಥದಲ್ಲ. ಎದ್ದು ಬಾವಿಯ ಹತ್ತಿರ ಹೋದರು. ಪಂಪ್‌ಸೆಟ್ಟು ಬರುವ ಮೊದಲು ಎತ್ತುಗಳು ಇಳಿಜಾರಿನಲ್ಲಿ ನಡೆದು ತೊಗಲಿನ ಚೀಲದಲ್ಲಿ ನೀರೆಳೆಯುತ್ತಿದ್ದ ಬಾವಿ ಅದು. ಹಗ್ಗ ಸವೆಸಿದ ಕಲ್ಲಿನ ಗೀರಿನಲ್ಲಿ ಹೆಬ್ಬೆರಳು ಪೂರ್ತಿ ಮುಳುಗುತ್ತಿತ್ತು. ಅಲ್ಲಿಂದ ಇಳಿಜಾರಿನಲ್ಲೇ ನಡೆದರು. ಎತ್ತು ತಿರುಗುವ ಕೊನೆಯಲ್ಲಿ ಸರಿಯಾಗಿ ಆ ದೊಡ್ಡ ಗುಡ್ಡೆ. ಅದರ ಬೆನ್ನಿಗೆ, ಕಪಿಲೆ ಹೊಡೆಯುವವನು ಹಗ್ಗದ ಮೇಲೆ ಕೂರುವ ಕಡೆ, ತಾವು 'ಯಾರೋ' ಎಂದು ಬರೆದು ಬಿಟ್ಟಿದ್ದ ಒಂದು ಸಣ್ಣ ಗುಡ್ಡೆ. ತೋಟ ಹಾಕಿದ ಅಜ್ಜ ಮಲಗಿದ್ದು ಇಲ್ಲೇ, ತನ್ನ ಎತ್ತಿನ ಹಿಂದೆ.

ಅವರು ಅಲ್ಲೇ ನಿಂತು ತಲೆಯೆತ್ತಿ ನೋಡಿದರು. ಹಳೇ ಸಾಲಿನ ಒಂದೊಂದು ಮರವೂ ಈ ಜೋಡಿ ಎಳೆದ ನೀರಿನಲ್ಲಿ ಎದ್ದದ್ದು. ತಾವು ಸರ್ವಿಸ್ಸಿನಲ್ಲಿ ಎಳೆದದ್ದೆಲ್ಲ ಎಲ್ಲಿ ಎದ್ದು ನಿಂತಿದೆ ಎಂದು ಯೋಚಿಸಿದರು. ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ.

"ಗಂಗಯ್ಯ, ದಪ್ಪಕ್ಷರ ಕೆತ್ತಿ ತೆಗ್ದುಬುಡು. ಆ ಜಾಗದಾಗೆ ಒಂದು ಎತ್ತು ಕೆತ್ತು. ಕಲ್ಲನ್ನ ಆ ಸಣ್ಣ ಗುಡ್ಡೆಗೂ ಇದಕ್ಕೂ ನಡುವೆ ನಿಲ್ಸು."

"ಖಾಲಿ ಜಾಗ ಸ್ವಾಮಿ?"

"ಅದು ನಂದೇ. ಕೆಂಚಪ್ಪ ನಿಮ್ಮೆಲ್ಲರ ಎದುರಿಗೇ ಬುಟ್ಟುಕೊಟ್ಟವ್ನೆ. ನೀವು ಸಾಕ್ಷಿ."

ಗುರುಸಿದ್ದಮ್ಮ ರೊಟ್ಟಿ ಕೈಗಿಟ್ಟರು. "ಯೋಚ್ನೆ ಮಾಡಿ ಹೇಳಿ. ಅಲ್ಲಿ ಮಲಗಿದ್ರೆ ಹಬ್ಬಕ್ಕೆ ನಿಮಗೂ ಬಾನೀಲಿ ನೆನೆಸಿದ ಹುರುಳೀನೇ."

ಸಣ್ಣತಿಮ್ಮಯ್ಯನವರು ರೊಟ್ಟಿ ಮುರಿದುಕೊಂಡು, ತಮ್ಮ ಜೋಡಿಯಾದ ಎತ್ತಿನ ಗುಡ್ಡೆಯ ಕಡೆ ಒಮ್ಮೆ ನೋಡಿದರು.

"ಅದಕ್ಕೆ ನೆನೆಸಿದ್ದು ಹಾಕು. ನನಗೆ ಅದೇ ಹುರುಳೀದು ಬಸ್ಸಾರು ಮಾಡು. ನಿನ್ನ ಮಂಡಿ ನೋವು ಹೆಂಗದೆ?"